ನಡೆಯದ ಯುದ್ಧಕ್ಕೊಂದು ಮ್ಯೂಸಿಯಂ

ಡಿಪ್ಲೊಮ್ಯಾಟ್ ಅಂದ್ರೆ ನಮ್ಮ ಹಾಸ್ಟೆಲ್‌ನಲ್ಲಿ ಒಂದೇ ಅರ್ಥ: ಕೋಟು ಹಾಕ್ಕೊಂಡು, ಕೈಕುಲುಕಿ, ಫೋಟೋಗೆ ನಿಲ್ಲೋರು. ಅಂಥವರಿಗೂ ಒಂದು ಮ್ಯೂಸಿಯಂ ಬೇಕಾ?

ಅಮೆರಿಕದವರು ಬೇಕು ಅಂದಿದ್ದಾರೆ. ವಾಷಿಂಗ್ಟನ್‌ನಲ್ಲಿ, ತಮ್ಮ ವಿದೇಶಾಂಗ ಇಲಾಖೆಯ ಕಟ್ಟಡದಲ್ಲೇ ಅದಕ್ಕೆ ಜಾಗ ಕೊಟ್ಟಿದ್ದಾರೆ. 2014ರ ಸೆಪ್ಟೆಂಬರ್‌ನಲ್ಲಿ ಅದರ ಗುದ್ದಲಿ ಪೂಜೆಗೆ ಅಂದಿನ ವಿದೇಶಾಂಗ ಸಚಿವ ಜಾನ್ ಕೆರಿ ಜೊತೆ ಐವರು ಮಾಜಿ ಸಚಿವರು ಬಂದಿದ್ದರು. ಈಗ ಅದರ ಹೆಸರು ನ್ಯಾಷನಲ್ ಮ್ಯೂಸಿಯಂ ಆಫ್ ಅಮೆರಿಕನ್ ಡಿಪ್ಲೊಮಸಿ. ಅಲ್ಲಿ ಬರ್ಲಿನ್ ಗೋಡೆಯ ಒಂದು ತುಂಡು ಇದೆ. ಜರ್ಮನಿ ಒಂದಾಗೋಕೆ ಕಾರಣರಾದ 27 ಜನ ಅದರ ಮೇಲೆ ಸಹಿ ಹಾಕಿದ್ದಾರೆ.

ಆದರೆ ಎಲ್ಲ ಕೆಲಸಕ್ಕೂ ಹೀಗೆ ತೋರಿಸೋಕೆ ಒಂದು ಕಲ್ಲು ಸಿಗಲ್ಲ. ಯುದ್ಧದ ಮ್ಯೂಸಿಯಂನಲ್ಲಿ ಟ್ಯಾಂಕ್ ಇಡಬಹುದು. ನಡೆಯದೇ ಹೋದ ಯುದ್ಧವನ್ನ ಯಾವ ಗಾಜಿನ ಪೆಟ್ಟಿಗೆಲಿ ಇಡೋದು? ನಮ್ಮ ಲ್ಯಾಬ್‌ನ ಅರ್ಥಿಂಗ್ ವೈರ್ ಥರ. ಅದು ಇದೆ ಅನ್ನೋದು ಯಾರ ತಲೆಗೂ ಬರಲ್ಲ, ಯಾಕಂದ್ರೆ ಯಾರಿಗೂ ಶಾಕ್ ಹೊಡೆದಿಲ್ಲ. ಇಂಥ ಕೆಲಸ ಮಾಡಿದವರನ್ನ ನೆನೆಯೋಕಾದರೂ ಒಂದು ಜಾಗ ಬೇಕು ಅನ್ನಿಸುತ್ತೆ.

ನನ್ನ ತಕರಾರು ಬೇರೆ. ಸರ್ಕಾರ ತನ್ನ ನೌಕರರ ಬಗ್ಗೆ ತಾನೇ ಮ್ಯೂಸಿಯಂ ಕಟ್ಟಿದರೆ, ಸರ್ಕಾರಕ್ಕೇ ಎದುರು ಮಾತಾಡಿದ ನೌಕರನಿಗೆ ಅಲ್ಲಿ ಎಷ್ಟು ಜಾಗ ಸಿಗಬೇಕು?

1971ರ ಮಾರ್ಚ್‌ನಲ್ಲಿ ಪಾಕಿಸ್ತಾನದ ಸೇನೆ ಢಾಕಾದಲ್ಲಿ ಜನರನ್ನ ಕೊಲ್ಲೋಕೆ ಶುರು ಮಾಡಿತು. ಅಮೆರಿಕ ಸುಮ್ಮನಿತ್ತು. ಚೀನಾ ಜೊತೆ ಗುಟ್ಟಾಗಿ ಮಾತಾಡೋಕೆ ಅದಕ್ಕೆ ಪಾಕಿಸ್ತಾನವೇ ದಾರಿ. ಏಪ್ರಿಲ್ 6ರಂದು ಢಾಕಾದಲ್ಲಿದ್ದ 20 ಅಮೆರಿಕನ್ ಸಿಬ್ಬಂದಿ, ನಮ್ಮ ಸರ್ಕಾರ ನೈತಿಕವಾಗಿ ದಿವಾಳಿಯಾಗಿದೆ ಅನ್ನೋ ಅರ್ಥದ ಟೆಲಿಗ್ರಾಂಗೆ ಸಹಿ ಹಾಕಿದರು. ಕಾನ್ಸುಲ್ ಜನರಲ್ ಆರ್ಚರ್ ಬ್ಲಡ್ ತಮ್ಮ ಬೆಂಬಲವನ್ನೂ ಬರೆದು ಅದನ್ನ ಕಳಿಸಿದರು. ನೀತಿ ಬದಲಾಗಲಿಲ್ಲ. ಬ್ಲಡ್ ಅವರನ್ನ ಢಾಕಾದಿಂದ ವಾಪಸ್ ಕರೆಸಿಕೊಂಡರು. ಆ ನೀತಿಯ ಹಿಂದಿದ್ದ ಹೆನ್ರಿ ಕಿಸಿಂಜರ್, 2014ರಲ್ಲಿ ಗುದ್ದಲಿ ಹಿಡಿದ ಆ ಮಾಜಿ ಸಚಿವರಲ್ಲಿ ಒಬ್ಬರು!

ಇಬ್ಬರೂ ಅದೇ ದೇಶದ ಡಿಪ್ಲೊಮಸಿಗೆ ಸೇರಿದವರೇ. ಹಾಗಾಗಿ ಕಿಸಿಂಜರ್ ಫೋಟೋ ಇರಲಿ, ಪಕ್ಕದಲ್ಲೇ ಆ ಟೆಲಿಗ್ರಾಂ ಕೂಡ ಇರಲಿ. ನೋಡೋರು ಎರಡನ್ನೂ ಓದಿ ತಾವೇ ತೀರ್ಮಾನ ಮಾಡ್ತಾರೆ.

ನಮ್ಮ ಫೆಸ್ಟ್‌ನ ಎಂಯುಎನ್‌ನಲ್ಲಿ ಎಲ್ಲರಿಗೂ ದೊಡ್ಡ ದೇಶದ ಸೀಟೇ ಬೇಕು. ಮುಂದಿನ ಸಲ 1971ರ ಢಾಕಾ ಇಡೋಣ. ಕೆಲಸ ಹೋಗಬಹುದು ಅಂತ ಗೊತ್ತಿದ್ದೂ ಸಹಿ ಹಾಕೋಕೆ ಇಪ್ಪತ್ತು ಜನ ಬೇಕು. ನನ್ನ ಹೆಸರು ಬರ್ಕೊಳ್ಳಿ, ಇನ್ನು ಹತ್ತೊಂಬತ್ತು.