ಸೊಂಟದ ಸೀಸೆ, ಸೋರೆ ಬುರುಡೆ

ಸಿನಿಮಾದಲ್ಲಿ ನೋಡಿದ್ದೀರಲ್ಲ, ಕುದುರೆ ಮೇಲೆ ಕೂತ ಖಳನಾಯಕ ಸೊಂಟದಿಂದ ಚಪ್ಪಟೆ ಸೀಸೆ ತೆಗೆದು ಗುಟುಕರಿಸೋದು? ಅದೇ ಗತ್ತಿನಲ್ಲಿ ನಾನೂ ಜೇಬಲ್ಲಿ ಒಂದು ಕ್ವಾರ್ಟರ್ ಇಳಿಬಿಟ್ಟು ಅಂತರಘಟ್ಟೆ ಜಾತ್ರೆಗೆ ಹೊರಟೆ!

ಅಜ್ಜಂಪುರದಲ್ಲಿ ಬಸ್ ಇಳಿದು ಎತ್ತಿನ ಗಾಡಿ ಹತ್ತಿದೆ. ದುರ್ಗಾಂಬೆಯ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಸಾಲುಸಾಲು ಗಾಡಿ, ಗೆಜ್ಜೆ ಸದ್ದು, ಫೆಬ್ರವರಿಯ ಕೆಂಧೂಳು. ಇದು ಅಮೃತಮಹಲ್ ತಳಿಯ ಸೀಮೆ. ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದ ದನಗಳ ಪೈಕಿ. ಓಡಿದರೆ ಸುಂಟರಗಾಳಿ!

ನಾನು ಸೀಸೆ ತೆಗೆದೆ. ಅಜ್ಜ ಹಗ್ಗ ಜಗ್ಗಿ ಗಾಡಿ ನಿಲ್ಲಿಸಿಬಿಟ್ಟ.

“ಇಳಿಯಪ್ಪಾ. 2007ರಲ್ಲಿ ಸರ್ಕಾರ ಸಾರಾಯಿ ನಿಲ್ಲಿಸ್ತು. ನನ್ನ ಗಾಡೀಲಿ ಅದಕ್ಕೂ ಮೊದಲೇ ನಿಂತೈತೆ. ನನ್ನ ತಮ್ಮ ಕುಡಿದು ಹಗ್ಗ ಹಿಡಿದಿದ್ದ. ಗಾಡಿ ಮಗುಚ್ತು. ಎತ್ತೂ ಉಳೀಲಿಲ್ಲ, ಅವನೂ ಉಳೀಲಿಲ್ಲ.”

ಸೀಸೆ ಮತ್ತೆ ಜೇಬು ಸೇರಿತು. ಅಜ್ಜ ಒಣಸೋರೆ ಬುರುಡೆಯ ಬಿರಡೆ ಬಿಚ್ಚಿದ. ಬೆಲ್ಲ, ನಿಂಬೆ, ಏಲಕ್ಕಿ, ಶುಂಠಿ, ಚಿಟಿಕೆ ಮೆಣಸು... ಪಾನಕ! ಬೆವರಿದ ಮೈಯಿಂದ ಮದ್ಯ ಇನ್ನಷ್ಟು ನೀರು ಕಸಿಯುತ್ತೆ. ಪಾನಕ ನೀರೂ ಕೊಡುತ್ತೆ, ಕಸುವೂ ಕೊಡುತ್ತೆ.

ಆದರೆ ಮೊದಲು ಎತ್ತುಗಳಿಗೆ ನೀರು ಕುಡಿಸಿದ. ಆಮೇಲೆ ನನಗೆ ಬುರುಡೆ ಕೊಟ್ಟ. ಕೊನೆಗೆ ತಾನು ಕುಡಿದ.

ವಾಪಸ್ ಬಸ್ ಹತ್ತುವಾಗಲೂ ನನ್ನ ಸೀಸೆ ತುಂಬಿಯೇ ಇತ್ತು.