ಗಾಚಾ ಆಟಕ್ಕೆ ಎಷ್ಟು ಅಂಕ?

ಮಕ್ಕಳೇ, ಕಾವಾಸಾಕಿ ಸ್ಟೇಷನ್ ಹತ್ತಿರದ ಮಾಲ್‌ಗೆ ಹೋದಾಗ ಗಾಚಾ ಯಂತ್ರಗಳ ಸಾಲಿನ ಮುಂದೆ ನೀವು ನಿಂತೇ ನಿಲ್ತೀರಿ, ಅಲ್ವಾ? ಹಿಡಿ ತಿರುಗಿಸುವ ಸದ್ದು 'ಗಾಚಾ', ಉಂಡೆ ಬೀಳುವ ಸದ್ದು 'ಪೊನ್'. ಅದರಿಂದಲೇ ಆ ಹೆಸರು. ಫೋನಿನ ಗಾಚಾ ಆಟಗಳು ಈ ಯಂತ್ರದ ಮೊಮ್ಮಕ್ಕಳು. ಹಣ ಕೊಟ್ಟು ತಿರುಗಿಸಬೇಕು, ಏನು ಬರುತ್ತೆ ಅನ್ನೋದು ಮಾತ್ರ ಮೊದಲೇ ಗೊತ್ತಿಲ್ಲ.

ನಮ್ಮ ಮಗಳು ಒಂದೆರಡು ವರ್ಷ 'ಸಿನೋಆಲಿಸ್' ಎಂಬ ಆಟ ಆಡುತ್ತಿದ್ದಳು. 2017ರ ಜೂನ್‌ನಲ್ಲಿ ಜಪಾನ್‌ನಲ್ಲಿ ಬಂದ ಆಟ ಇದು. ಕತ್ತಲು ತುಂಬಿದ ಫ್ಯಾಂಟಸಿ. ನಾನು ಸಾಫ್ಟ್‌ವೇರ್ ಕೆಲಸದವನು. ಆಟವನ್ನು ಬೈಯುವ ಮೊದಲು ಅದರೊಳಗೆ ಏನಿದೆ ಅಂತ ನೋಡೋಣ ಎಂದು ಅವಳ ಪಕ್ಕ ಕೂತೆ.

ಮೊದಲು ಒಳ್ಳೆಯದನ್ನು ಹೇಳ್ತೀನಿ. ಕಥೆ ಯೊಕೊ ತಾರೊ ಅವರ ಕಲ್ಪನೆ. ಆಲಿಸ್, ಸ್ನೋವೈಟ್, ಕೆಂಪು ಟೋಪಿ ಹುಡುಗಿ, ಪಿನೋಕಿಯೊ, ನಿಮಗೆ ಶಾಲೆಯಲ್ಲಿ ಹೇಳಿಕೊಟ್ಟ ಕಾಗುಯಾ ಹಿಮೆ, ಎಲ್ಲರೂ ಇದ್ದಾರೆ. ತಮ್ಮನ್ನು ಬರೆದ ಲೇಖಕರನ್ನು ಮತ್ತೆ ಬದುಕಿಸಬೇಕು ಅಂತ ಇವರೆಲ್ಲ ಹೋರಾಡ್ತಾರೆ. ಸ್ನೋವೈಟ್‌ಗೆ ನ್ಯಾಯದ ಹುಚ್ಚು, ಪಿನೋಕಿಯೊಗೆ ಯಾರನ್ನಾದರೂ ನೆಚ್ಚಿಕೊಂಡೇ ಇರಬೇಕು. ಒಳ್ಳೆಯ ಗುಣವೂ ಅತಿಯಾದರೆ ಏನಾಗುತ್ತೆ ಎಂದು ಮಗಳು ಯೋಚಿಸಿದ್ದು ಇಲ್ಲಿಂದಲೇ. ಚಿತ್ರ, ಸಂಗೀತ ಎರಡೂ ಚೆನ್ನ. ಕತ್ತಲ ಕಥೆ ಅಂದ ಮಾತ್ರಕ್ಕೆ ಹೆದರಬೇಕಿಲ್ಲ. ನಮ್ಮ ಅಜ್ಜಿಯರ ಕಥೆಗಳಲ್ಲಿ ಬ್ರಹ್ಮರಾಕ್ಷಸ, ಕೊಳ್ಳಿದೆವ್ವ ಇರಲಿಲ್ವಾ?

ಒಂದು ಭಾನುವಾರ ಕೆಂಪು ಟೋಪಿ ಹುಡುಗಿಯ ಕಥೆಯನ್ನು ಅವಳು ಫೋನಿನಲ್ಲಿ ಅಜ್ಜಿಗೆ ಕನ್ನಡದಲ್ಲಿ ಹೇಳಿದಳು. ಎಲ್ಲರನ್ನೂ ಹೊಡೆಯೋದೇ ಆ ಹುಡುಗಿಗೆ ಆಟ. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಅವಳಿಗೆ ಸಾಕು ಅಂತ ಹೇಳೋರು ಯಾರೂ ಇಲ್ವೇನೇ?"

ಈಗ ಇನ್ನೊಂದು ಮುಖ. 2022ರ ಹೊಸವರ್ಷಕ್ಕೆ ಸಿಕ್ಕ ಒತೊಶಿದಾಮಾದಲ್ಲಿ 10,000 ಯೆನ್ ಗಾಚಾಗೆ ಹಾಕಲಾ ಅಂತ ಮಗಳು ಕೇಳಿದಳು. ಬೇಡ ಅನ್ನಲಿಲ್ಲ, ಪೇಪರ್ ಪೆನ್ಸಿಲ್ ತಗೊಂಡು ಬಾ ಅಂದೆ. ನೀವೂ ಮಾಡಿ ನೋಡಿ. ಒಂದು ಅಪರೂಪದ ಕಾರ್ಡ್ ಸಿಗುವ ಸಾಧ್ಯತೆ ಶೇ. 1 ಅಂತ ಇಟ್ಟುಕೊಳ್ಳಿ. ನೂರು ಸಲ ತಿರುಗಿಸಿದರೆ ಸಿಕ್ಕೇ ಸಿಗುತ್ತೆ ಅನ್ಸುತ್ತೆ. ಆದರೆ 0.99 ಅನ್ನು ನೂರು ಸಲ ಗುಣಿಸಿದರೆ ಸುಮಾರು 0.37. ಅಂದರೆ ನೂರು ಸಲ ತಿರುಗಿಸಿದ ನೂರು ಮಕ್ಕಳಲ್ಲಿ ಸುಮಾರು 37 ಮಂದಿಗೆ ಬರಿಗೈ! ಹತ್ತೇ ಸಲ ತಿರುಗಿಸಿದರೆ 90 ಮಂದಿಗೆ ಬರಿಗೈ. "ಇಷ್ಟು ಸಲ ಬರಲಿಲ್ಲ, ಮುಂದಿನ ಸಲ ಬಂದೇ ಬರುತ್ತೆ" ಅನ್ನೋದು ನಮ್ಮ ಮನಸ್ಸಿನ ಮಾತು. 'ಇಷ್ಟು ಸಲಕ್ಕೆ ಖಚಿತ' ಅಂತ ಆಟದಲ್ಲೇ ಬರೆದಿರದಿದ್ದರೆ, ಪ್ರೋಗ್ರಾಮ್‌ಗೆ ಹಿಂದಿನ ಸೋಲು ನೆನಪೇ ಇರಲ್ಲ.

ಎರಡನೆಯ ತೊಂದರೆ, ಹಣ ಹಣದ ಹಾಗೆ ಕಾಣಲ್ಲ. ಯೆನ್ ಕೊಟ್ಟು ಹರಳು ಕೊಳ್ತೀರಿ, ಹರಳು ಕೊಟ್ಟು ತಿರುಗಿಸ್ತೀರಿ. ಚೌಕಾಬಾರದ ಕವಡೆಯಲ್ಲೂ ಅದೃಷ್ಟ ಇದೆ. ಆದರೆ ಎದುರಾಳಿ ಹೊಡೆದರೆ ಕಾಯಿ ಮನೆಗೆ ಹೋಗುತ್ತೆ ಅಷ್ಟೇ, ಜೇಬು ಖಾಲಿಯಾಗಲ್ಲ. ಗಾಚಾದಲ್ಲಿ ಹಾಗಲ್ಲ ಎಂದು ಜಪಾನ್ ಸರ್ಕಾರಕ್ಕೂ ಅನಿಸಿದೆ. ಗಾಚಾದಿಂದ ಒಂದು ಸೆಟ್ ಪೂರ್ತಿ ಸೇರಿಸಿದರೆ ದೊಡ್ಡ ಬಹುಮಾನ ಕೊಡುವ 'ಕೊಂಪು ಗಾಚಾ' 2012ರಲ್ಲಿ ನಿಂತಿತು. ಕರ್ನಾಟಕದಲ್ಲೂ 2007ರಲ್ಲಿ ಲಾಟರಿ ನಿಷೇಧವಾಯಿತು.

ಲೆಕ್ಕ ಆದ ಮೇಲೆ ಮಗಳು 3,000 ಯೆನ್ ಅಂತ ಗೆರೆ ಹಾಕಿಕೊಂಡಳು. ಬೇಕಾಗಿದ್ದು ಬರಲಿಲ್ಲ. ಮುಖ ಸಪ್ಪೆ ಆಯ್ತು. ಆಮೇಲೆ ಅವಳೇ, "ಅಜ್ಜಿ ಹೇಳಿದ್ರಲ್ಲ, ಸಾಕು ಅನ್ನೋರು ಬೇಕು ಅಂತ. ನಾನೇ ಹೇಳ್ಕೋತೀನಿ" ಅಂದಳು.

2024ರ ಜನವರಿಯಲ್ಲಿ ಜಪಾನ್‌ನಲ್ಲಿ ಆ ಆಟ ಮುಗಿಯಿತು. ಇಂಥ ಆಟಗಳು ಸರ್ವರ್ ಮೇಲೆ ಬದುಕುತ್ತವೆ; ಸರ್ವರ್ ನಿಂತರೆ ಕಾರ್ಡಿನಿಂದ ಮತ್ತೆ ಆಡೋಕೆ ಆಗಲ್ಲ. ಯಂತ್ರದ ಗಾಚಾ ಆದರೆ 300 ಯೆನ್‌ನ ಕಪ್ಪೆಯಾದರೂ ಮೇಜಿನ ಮೇಲೆ ಉಳಿಯುತ್ತೆ. ಮಗಳ ಹತ್ತಿರ ಉಳಿದದ್ದು ಅವಳು ಬಿಡಿಸಿದ ಚಿತ್ರಗಳ ಪುಸ್ತಕ ಮತ್ತು ಅಜ್ಜಿಗೆ ಹೇಳಿದ ಕಥೆಗಳು. ಅವಕ್ಕೆ ಒಂದು ಯೆನ್ನೂ ಖರ್ಚಾಗಿರಲಿಲ್ಲ.

ಹೆತ್ತವರಿಗೆ ಎರಡು ಮಾತು. 2022ರ ಏಪ್ರಿಲ್‌ನಿಂದ ಇಲ್ಲಿ 18 ತುಂಬಿದವರು ವಯಸ್ಕರು. ಹೆತ್ತವರ ಒಪ್ಪಿಗೆ ಇರಲಿಲ್ಲ ಅಂತ ಹೇಳಿ ಖರೀದಿ ರದ್ದು ಮಾಡಿಸುವ ದಾರಿ ಆಮೇಲೆ ಇರಲ್ಲ. ಆದ್ದರಿಂದ ಗೆರೆ ಹಾಕೋದನ್ನು ಅದಕ್ಕೂ ಮುಂಚೆ ಕಲಿಸಬೇಕು. ಹಣದ ತೊಂದರೆ ಆದರೆ ಗ್ರಾಹಕರ ಸಹಾಯವಾಣಿ 188ಕ್ಕೆ ಫೋನ್ ಮಾಡಿ.

ನನ್ನ ಅಂಕಪಟ್ಟಿ ಹೀಗಿದೆ: ಕಥೆಗೆ ಹತ್ತಕ್ಕೆ ಎಂಟು, ಗಾಚಾಗೆ ಹತ್ತಕ್ಕೆ ಎರಡು. ಎರಡನ್ನೂ ಕೂಡಿಸಬೇಡಿ, ಅವು ಬೇರೆ ಬೇರೆ ಸಬ್ಜೆಕ್ಟು. ಮಕ್ಕಳೇ, ನಿಮ್ಮ ಆಟಕ್ಕೂ ಹೀಗೇ ಅಂಕ ಹಾಕಿ, ಅದರ ಕಥೆಯನ್ನು ಅಪ್ಪ ಅಮ್ಮನಿಗೆ ಕನ್ನಡದಲ್ಲಿ ಹೇಳಿ. ಅಪ್ಪ ಅಮ್ಮಂದಿರೇ, ಕಥೆ ಮುಗಿಯೋವರೆಗೂ ನಿಮ್ಮ ಫೋನ್ ಪಕ್ಕಕ್ಕಿಡಿ.