ಅಜ್ಜಿ ಕೊಟ್ಟ ಮಾರ್ಕ್ಸು

ನಮ್ಮಕ್ಕನ ಮಗಳು ಆಕ್ಯುಪೇಷನಲ್ ಥೆರಪಿ ಓದುತ್ತಿದ್ದಾಳೆ ಎಂದರೆ, "ಅದೇನ್ರೀ, ಕೆಲಸ ಕೊಡಿಸೋ ಓದಾ?" ಎಂದು ಕೇಳುವವರೇ ಹೆಚ್ಚು. ನನಗೂ ಗೊತ್ತಿರಲಿಲ್ಲ. ಕೈಕಾಲು ಸ್ವಾಧೀನ ತಪ್ಪಿದವರು ಊಟ, ಸ್ನಾನ, ಮನೆಗೆಲಸಗಳನ್ನು ಮತ್ತೆ ತಾವೇ ಮಾಡಿಕೊಳ್ಳುವಂತೆ ಕಲಿಸುವ ವಿದ್ಯೆಯಂತೆ. ನಮ್ಮ ದೇಶದಲ್ಲಿ ಇದರ ಮೊದಲ ಶಾಲೆಯನ್ನು 1950ರಲ್ಲಿ ಮುಂಬಯಿಯಲ್ಲಿ ತೆರೆದವರು ಕಮಲಾ ನಿಂಬಕರ್ ಎಂಬ ಹೆಂಗಸು ಎಂದು ಕೇಳಿ ನನಗೆ ಹೆಮ್ಮೆಯೆನಿಸಿತು.

ನಮ್ಮ ಅತ್ತೆಯವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿ ಎರಡು ವರ್ಷವಾಗಿತ್ತು. ಅನ್ನ ಕಲಸಿ ತುತ್ತು ಮಾಡಿ ನಾನೇ ಬಾಯಿಗಿಡುತ್ತಿದ್ದೆ. "ಎಂಥಾ ಸೊಸೆ!" ಎಂದು ನೆರೆಯವರು ಹೊಗಳಿದಾಗ ಹಿಗ್ಗುತ್ತಿದ್ದೆ. ಆದರೆ ಅತ್ತೆಯವರ ಮಾತು ದಿನೇ ದಿನೇ ಕಡಿಮೆಯಾಗುತ್ತಿತ್ತು.

ಹೋದ ಬೇಸಿಗೆಯಲ್ಲಿ ಹುಡುಗಿ ನಮ್ಮಲ್ಲಿಗೆ ಬಂದಳು. ಯಾರಿಗಾದರೂ ಉಪಯೋಗವಾಗುವ ಒಂದು ಸಾಧನವನ್ನು ಸ್ವಂತ ಕೈಯಿಂದ ಮಾಡಿ ತೋರಿಸಬೇಕೆಂದು ಕಾಲೇಜಿನಲ್ಲಿ ಹೇಳಿದ್ದರಂತೆ. ಹಿಡಿಗೆ ಸ್ಪಂಜು ಸುತ್ತಿ ಅಂದವಾದ ಚಮಚ ತಯಾರಿಸಿದಳು. ಅತ್ತೆಯವರು ಅದನ್ನು ಪಕ್ಕಕ್ಕೆ ತಳ್ಳಿ, "ನಾನೇನು ಎಳೇ ಮಗುವೇನೇ?" ಎಂದುಬಿಟ್ಟರು. ಪಾಪ, ಹುಡುಗಿಯ ಕಣ್ಣಲ್ಲಿ ನೀರು. ಫೋನಿನಲ್ಲಿ ಅವಳ ಟೀಚರ್ ಕೇಳಿದ್ದು ಒಂದೇ ಪ್ರಶ್ನೆ: "ಅಜ್ಜಿಗೆ ಏನು ಬೇಕು ಅಂತ ಕೇಳಿದೆಯಾ?"

ಕೇಳಿದಳು. ಅತ್ತೆಯವರು ಬಹಳ ಹೊತ್ತು ಸುಮ್ಮನಿದ್ದು, "ಕೋಸಂಬರಿಗೆ ನನ್ನ ಕೈಯಾರೆ ಸೌತೆಕಾಯಿ ಹೆಚ್ಚಬೇಕು ಕಣೇ" ಎಂದರು. ನನ್ನ ಎದೆ ಚುರ್ ಎಂದಿತು. ಎರಡು ವರ್ಷದಲ್ಲಿ ನಾನು ಒಂದು ದಿನವೂ ಕೇಳಿರಲಿಲ್ಲ!

ಆಮೇಲೆ ಹುಡುಗಿ ಹಲಗೆಯೊಂದಕ್ಕೆ ಕೆಳಗಿನಿಂದ ಎರಡು ಸ್ಟೀಲ್ ಮೊಳೆ ಹೊಡೆದಳು. ಮೇಲೆ ಬಂದ ಮೊನೆಗೆ ಕಾಯಿ ಸಿಕ್ಕಿಸಿದರೆ ಅಲುಗಾಡದೆ ನಿಲ್ಲುತ್ತದೆ. ಒಂದೇ ಕೈಯಲ್ಲಿ ಹೆಚ್ಚಬಹುದು. ಮೊದಲ ಸಲ ಮೊಳೆ ಉದ್ದವಾಗಿ ಕಾಯಿ ಸೀಳಿತು. ಎರಡನೇ ಸಲ ಹಲಗೆಯೇ ಜಾರಿತು. ಕೆಳಗೆ ರಬ್ಬರ್ ಅಂಟಿಸಿದ ಮೇಲೆ ಸರಿಹೋಯಿತು.

ಅತ್ತೆಯವರು ಎಡಗೈಯಲ್ಲಿ ಚಾಕು ಹಿಡಿದರು. ಒಂದು ಸೌತೆಕಾಯಿಗೆ ಅರ್ಧ ಗಂಟೆ! ತಡೆಯಲಾರದೆ ನಾನು ಕೈ ಚಾಚಿದೆ. "ಬಿಡಿ ಚಿಕ್ಕಮ್ಮ, ಅದು ಅಜ್ಜಿ ಕೆಲಸ" ಎಂದು ಹುಡುಗಿ ತಡೆದಳು. ಸೇವೆ ಮಾಡುವುದಕ್ಕಿಂತ ಸುಮ್ಮನೆ ಕೂರುವುದು ಎಷ್ಟು ಕಷ್ಟವೆಂದು ಅವತ್ತು ತಿಳಿಯಿತು.

ಹೋಳುಗಳು ದಪ್ಪದಪ್ಪ. ಆದರೂ ಕೋಸಂಬರಿ ಬಡಿಸಿದಾಗ ಅತ್ತೆಯವರು, "ಉಪ್ಪು ಕಡಿಮೆಯಾಯ್ತಲ್ಲೇ" ಎಂದು ನನ್ನನ್ನು ಗದರಿದರು. ಆ ಗದರಿಕೆ ಕೇಳಿ ಎಷ್ಟು ದಿನವಾಗಿತ್ತು! ಹುಡುಗಿಗೆ ಕಾಲೇಜಿನಲ್ಲಿ ಎಷ್ಟು ಮಾರ್ಕ್ಸು ಬಂತೋ, ಅಜ್ಜಿ ಮಾತ್ರ ಪೂರ್ತಿ ನೂರು ಕೊಟ್ಟಿದ್ದರು.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ, ತಟ್ಟೆ ಜಾರದಂತೆ ಕೆಳಗೊಂದು ಒದ್ದೆ ಬಟ್ಟೆ ಹಾಸಿ. ಮೊಳೆ ಹಲಗೆ ಮಾಡಿಸಿದರೆ ಕೆಲಸವಾದ ಮೇಲೆ ಮೊನೆಗೆ ಬಿರಡೆ ಚುಚ್ಚಿಡಿ. ಎಲ್ಲಕ್ಕಿಂತ ಮೊದಲು, ಅವರಿಗೆ ಏನು ಮಾಡುವಾಸೆ ಎಂದು ಒಂದು ಮಾತು ಕೇಳಿ.